ಸಂಜೆಮಲ್ಲಿಗೆ ಮತ್ತು ಕೊರಗಪ್ಪ ಮಾಷ್ಟ್ರ ಪತ್ರ

ಸಂಜೆಮಲ್ಲಿಗೆಗೆ ಅಂಥಾ ದೊಡ್ಡ ಪರಿಮಳವೇನೂ ಇಲ್ಲ. ಪೇಟೆಯಲ್ಲಿ ಅದನ್ನು ಮೊಳ ಹಾಕಿ ಮಾರುವವರಿಲ್ಲ, ಮದುಮಗಳ ಜಡೆಗೆ ಅದು ಬೇಡ. ಬೇಲಿಯ ಬದಿಯಲ್ಲಿ ತಾನಾಗಿ ಹುಟ್ಟಿ, ಬಯ್ಯಾಗುವಾಗ, ಹೊತ್ತು ಇಳಿಯುವಾಗ, ಅರಳಿ, ಬೆಳಗಾಗುವಷ್ಟರಲ್ಲಿ ಮುದುಡುವ ಬಡ ಹೂವು. ಮೊನ್ನೆ ಬಂಟ್ವಾಳದಲ್ಲಿ ಮಗಳ ಮನೆಯ ಜಗಲಿಯಲ್ಲಿ ಕಾಫಿ ಕುಡಿಯುತ್ತಾ ಕೂತಿದ್ದಾಗ ಕಂಪೌಂಡಿನ ಮೂಲೆಯಿಂದ ಆ ಸಣ್ಣ ಸಿಹಿ ವಾಸನೆ ಬಂತು. ಲೋಟ ತುಟಿಯ ಹತ್ತಿರ ಹಾಗೇ ನಿಂತಿತು. "ಯಾಕಮ್ಮಾ, ಕಾಫಿ ಸರಿ ಇಲ್ವಾ?" ಎಂದಳು ಮಗಳು. "ಹೊತ್ತಾಯ್ತಲ್ಲ" ಎನ್ನಲು ಬಾಯಿ ತೆರೆದವಳು ನಕ್ಕುಬಿಟ್ಟೆ. ರಾತ್ರಿ ಒಂಬತ್ತಕ್ಕೆ ಊಟ ಮಾಡುವ ಅಭ್ಯಾಸವಾಗಿ ಎಷ್ಟೋ ಕಾಲವಾಯಿತು ನನಗೆ. ಆದರೂ ಆ ವಾಸನೆ ಬಂದರೆ ಕೈ ತನ್ನಷ್ಟಕ್ಕೆ ನಿಲ್ಲುತ್ತದೆ.

ವೇಣೂರಿನ ನಮ್ಮ ಮನೆಯಲ್ಲಿ ಬೆಳಕಿರುವಾಗಲೇ ರಾತ್ರಿಯ ಊಟ. ಜೈನರ ಮನೆ, ಹೊತ್ತು ಮುಳುಗಿದ ಮೇಲೆ ಅನ್ನ ಇಲ್ಲ, ನಮ್ಮ ಅಜ್ಜಿಯ ಲೆಕ್ಕದಲ್ಲಿ ನೀರೂ ಇಲ್ಲ. ಬೇಸಿಗೆಯಲ್ಲಿ ಇದಕ್ಕೆ ತಾಪತ್ರಯ ಇರಲಿಲ್ಲ. ಮಳೆ ಹಿಡಿಯಿತೆಂದರೆ ಮಾತ್ರ ವಾರಗಟ್ಟಲೆ ಸೂರ್ಯ ಎಲ್ಲಿದ್ದಾನೆಂದೇ ಗೊತ್ತಾಗುವುದಿಲ್ಲ. ಅಪ್ಪನ ಗೋಡೆ ಗಡಿಯಾರವೋ, ಕೀಲಿ ಕೊಟ್ಟರೂ ತನಗೆ ಮನಸ್ಸು ಬಂದಾಗ ನಡೆಯುತ್ತಿತ್ತು. ಅದಕ್ಕೆ ಅಜ್ಜಿ ಅಡುಗೆಮನೆಯ ಹಿಂಬಾಗಿಲ ಬಳಿ ಸಂಜೆಮಲ್ಲಿಗೆ ನೆಟ್ಟಿದ್ದರು. ಮೊಗ್ಗು ಬಿಡಿಸಿಕೊಳ್ಳುವಾಗ ಬಾಳೆಲೆ ಹಾಕಬೇಕು, ಹೂ ಪೂರ್ತಿ ಅರಳುವಷ್ಟರಲ್ಲಿ ಕೈ ತೊಳೆದಾಗಿರಬೇಕು. ಆ ಹೊತ್ತಿನ ಮನೆ ಈಗಲೂ ಮೂಗಿನಲ್ಲಿ ಉಂಟು: ಕುಚ್ಚಲಕ್ಕಿ ಗಂಜಿಯ ಹಬೆ, ಹಸಿ ಸೌದೆಯ ಹೊಗೆ, ಹಗ್ಗದ ಮೇಲೆ ಒಣಗದೆ ನೇತಾಡುವ ನೀರು ಸೋಸುವ ಬಟ್ಟೆ. ಸೋಸದ ನೀರನ್ನು ಅಜ್ಜಿ ಮುಟ್ಟುತ್ತಿರಲಿಲ್ಲ. ಸೋಸಿದ ಮೇಲೆ ಬಟ್ಟೆಯನ್ನು ಮಗುಚಿ, ನೀರು ಹೊಯ್ದು, ಬಟ್ಟೆಗೆ ಸಿಕ್ಕಿದ ಸಣ್ಣ ಹುಳಗಳನ್ನು ಅದೇ ಬಾವಿಗೆ ಜಾಲಿಸಿ ಬಿಡುತ್ತಿದ್ದರು. ಯಾವ ಬಾವಿಯ ಜೀವವೋ ಆ ಬಾವಿಗೇ ಹೋಗಬೇಕು ಎಂದು. ಅಮ್ಮ ನಾನು ಕೂಸಾಗಿದ್ದಾಗಲೇ ತೀರಿಕೊಂಡಿದ್ದರಿಂದ ಮನೆಯಲ್ಲಿ ಇದ್ದವರು ನಾವು ಮೂವರೇ, ಅಜ್ಜಿ, ಅಪ್ಪ, ನಾನು.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ಮೂಡಬಿದ್ರೆಯ ಹೈಸ್ಕೂಲಿಗೆ ಬಸ್ಸಿನಲ್ಲಿ ಹೋಗಿ ಬಂದು ನಾನು ಎಸ್ಸೆಸ್ಸೆಲ್ಸಿ ಪಾಸಾದೆ. ಮಂಗಳೂರಿನ ಕಾಲೇಜಿನಲ್ಲಿ ಜಾಗವಿತ್ತು, ಆದರೆ ಹುಡುಗಿಯರ ಹಾಸ್ಟೆಲಿಗೆ ಸೇರಬೇಕಾದರೆ ಎರಡು ಕಾಗದ ಬೇಕು. ಒಂದು ಹೆಡ್‌ಮಾಷ್ಟ್ರ ಗುಣನಡತೆ ಪತ್ರ, ಅಚ್ಚು ಹಾಕಿದ್ದು, ರುಜು ಬಿದ್ದರೆ ಮುಗಿಯಿತು. ಇನ್ನೊಂದು ಮೂರು ವರ್ಷವಾದರೂ ಪಾಠ ಮಾಡಿದ ಅಧ್ಯಾಪಕರು ಈ ಹುಡುಗಿ ಎಂಥವಳು ಎಂದು ಸ್ವಂತ ಮಾತಿನಲ್ಲಿ ಬರೆದದ್ದು. ಅಪ್ಪನಿಗೆ ನನ್ನನ್ನು ಕಳಿಸುವ ಮನಸ್ಸು ಅರ್ಧವೇ ಇತ್ತು. "ಸೋಮವಾರದೊಳಗೆ ಎರಡೂ ಪತ್ರ ಆದರೆ ಹೋಗು. ಇಲ್ಲದಿದ್ದರೆ ಮಿಜಾರಿನವರಿಗೆ ಬರಲಿಕ್ಕೆ ಹೇಳ್ತೇನೆ," ಎಂದರು. ಮಿಜಾರಿನವರು ಎಂದರೆ ನನ್ನನ್ನು ನೋಡಲು ಬರಬೇಕಿದ್ದ ಗಂಡಿನ ಕಡೆಯವರು. ಗಂಡು ಒಳ್ಳೆಯವನೇ ಇದ್ದಿರಬೇಕು, ಪಾಪ. ನನಗೆ ಮಾತ್ರ ಮಂಗಳೂರು ಬೇಕಿತ್ತು.

ಮೂರು ವರ್ಷ ನನಗೆ ಪಾಠ ಮಾಡಿದವರು ಒಬ್ಬರೇ, ಲೆಕ್ಕದ ಕೊರಗಪ್ಪ ಮಾಷ್ಟ್ರು. ವಾರವಿಡೀ ಮೂಡಬಿದ್ರೆಯ ಬಾಡಿಗೆ ಕೋಣೆಯಲ್ಲಿದ್ದು ರಜೆಗೆ ಅಳದಂಗಡಿಯ ತಮ್ಮ ಮನೆಗೆ ಬರುತ್ತಿದ್ದರು. ಅವರ ತಂದೆ ತಾಳೆಮರ ಹತ್ತಿ ಕಳ್ಳು ಇಳಿಸುತ್ತಿದ್ದವರು. ಮಗ ಬಿ.ಎ. ಮಾಡಿ ಬಿಳಿ ಪಂಚೆ, ಕರಿ ಕೋಟು ಹಾಕಿದ್ದರೂ ಊರಿನ ದೊಡ್ಡ ಮನೆಗಳವರು ಅವರನ್ನು ಚಾವಡಿಗೆ ಕರೆಯುತ್ತಿರಲಿಲ್ಲ. ಮಕ್ಕಳ ಮಾರ್ಕು ಕೇಳುವುದಿದ್ದರೆ ಅಂಗಳದಲ್ಲಿ ನಿಲ್ಲಿಸಿಯೇ ಮಾತಾಡಿಸುತ್ತಿದ್ದರು. ನಮ್ಮ ಅಪ್ಪನೂ ಹಾಗೆಯೇ. ನನಗೆ ಆಗ ಅದು ವಿಶೇಷವಾಗಿ ಕಂಡಿರಲಿಲ್ಲ ಎಂಬುದನ್ನೂ ಇಲ್ಲಿ ಹೇಳಿಬಿಡಬೇಕು.

ಹೆಡ್‌ಮಾಷ್ಟ್ರ ಪತ್ರ ಆಗಲೇ ಸಿಕ್ಕಿತ್ತು, ಶಾಲೆಗೆ ಇನ್ನೂ ರಜೆಯಾದ್ದರಿಂದ ಕೊರಗಪ್ಪ ಮಾಷ್ಟ್ರು ಊರಿನಲ್ಲಿಯೇ ಇದ್ದರು. ಶುಕ್ರವಾರ ಮಧ್ಯಾಹ್ನದ ಬಸ್ಸು ಹಿಡಿದೆ. ದಾರಿಯಲ್ಲಿ ಚಕ್ರ ಕೆಟ್ಟು ಬಸ್ಸು ಸುಮಾರು ಹೊತ್ತು ನಿಂತಿತು. ಅಳದಂಗಡಿಯಲ್ಲಿ ಇಳಿದು ಗದ್ದೆಯ ಬದುವಿನಲ್ಲಿ ಮಾಷ್ಟ್ರ ಮನೆ ಮುಟ್ಟುವಾಗ ಆಕಾಶ ಮಸಿಯಂತೆ ಕಪ್ಪಾಗಿತ್ತು. ಮೆಟ್ಟಲಿನ ಪಕ್ಕದಲ್ಲಿ ಸಂಜೆಮಲ್ಲಿಗೆಯ ಗಿಡ, ಮೈತುಂಬ ಅರಳಿ ನಿಂತಿದೆ. ಮಾಷ್ಟ್ರು ಜಗಲಿಯಲ್ಲಿದ್ದರು. ವಿಷಯ ಹೇಳಿದೆ. "ಬರೆಯುವ ಮಗಾ, ಅದಕ್ಕೇನು. ಮೊದಲು ಕೂತುಕೋ, ಬಾಯಾರಿಕೆ ಕುಡಿ," ಎಂದರು. ಅವರ ಹೆಂಡತಿ ಸೇಸಕ್ಕ ತಟ್ಟೆಯಲ್ಲಿ ಬೆಲ್ಲದ ತುಂಡು, ಕಂಚಿನ ಚೊಂಬಿನಲ್ಲಿ ನೀರು ತಂದು ಮುಂದಿಟ್ಟರು. ನಮ್ಮ ಕಡೆ ಯಾರು ಬಂದರೂ ಮೊದಲು ಬೆಲ್ಲ, ನೀರು, ಅದಕ್ಕೇ ಬಾಯಾರಿಕೆ ಎನ್ನುವುದು; ಮಾತು ಆಮೇಲೆ. ನಾನು ಹೂವಿನ ಕಡೆ ನೋಡಿ, ಅಜ್ಜಿ ಕಲಿಸಿದ ಹಾಗೆ, "ಬೇಡ ಅಕ್ಕಾ. ಹೊತ್ತು ಮುಳುಗಿತಲ್ಲ, ಈಗ ನಾವು ಏನೂ ತಗೊಳ್ಳುವುದಿಲ್ಲ," ಎಂದೆ.

ಒಳಗಿನ ಗಡಿಯಾರ ಢಣ್ ಢಣ್ ಎಂದು ಐದು ಹೊಡೆಯಿತು.

ಆ ದಿನಗಳಲ್ಲಿ ಸೂರ್ಯ ಮುಳುಗುವುದು ಏಳರ ಹತ್ತಿರ. ಮೋಡದ ಕತ್ತಲೆಗೆ ಮೋಸಹೋಗಿ ಹೂ ಬೇಗನೆ ಅರಳಿತ್ತು. ಆದರೆ ಹೂ ನೋಡಿ ಹೊತ್ತು ಹೇಳುವುದು ನಮ್ಮ ಅಜ್ಜಿಯ ಪದ್ಧತಿ, ಮಾಷ್ಟ್ರಿಗೆ ಗೊತ್ತಿದ್ದದ್ದು ಜೈನರ ಪದ್ಧತಿ ಮತ್ತು ಗಡಿಯಾರ. ಅವರು ಗಡಿಯಾರದ ಕಡೆ ನೋಡಿದರು, ಅಂಗಳದ ಕಡೆ ನೋಡಿದರು, ನನ್ನನ್ನು ನೋಡಲಿಲ್ಲ. ಅವರ ಮನೆಯ ನೀರು ಬೇಡವೆನ್ನಲಿಕ್ಕೆ ನಾನು ಹೊತ್ತಿನ ನೆವ ಹೇಳಿದೆನೆಂದೇ ಅವರಿಗೆ ಕಂಡಿರಬೇಕು. ಸೇಸಕ್ಕ ತಟ್ಟೆ, ಚೊಂಬು ಒಳಗೆ ತೆಗೆದುಕೊಂಡು ಹೋದರು. ಹೂವಿನ ವಿಷಯ ನಾನು ಹೇಳುವ ಮೊದಲೇ ಮಾಷ್ಟ್ರು ಎದ್ದು ನಿಂತಿದ್ದರು. "ನಾಳೆ ಬೆಳಿಗ್ಗೆ ಬಾ ಮಗಾ, ನೋಡುವ," ಎಂದರು ಮಾಷ್ಟ್ರು. ದೊಡ್ಡವರ "ನೋಡುವ" ಹೆಚ್ಚಿನ ಸಲ ಎಲ್ಲಿಗೆ ಮುಟ್ಟುತ್ತದೆಂದು ನನಗೆ ಗೊತ್ತಿತ್ತು. ಬಸ್ಸಿನಲ್ಲಿ ಕಿಟಕಿಗೆ ಮುಖ ಕೊಟ್ಟು ವೇಣೂರಿನವರೆಗೂ ಅತ್ತೆ.

ಮನೆಯಲ್ಲಿ ಅಪ್ಪನಿಗೆ ಹೇಳುವ ಧೈರ್ಯ ಬರಲಿಲ್ಲ. ಹಿಂಬಾಗಿಲ ಹತ್ತಿರ ಅಜ್ಜಿಗೆ ಎಲ್ಲ ಹೇಳಿದೆ. ನಿನ್ನ ಹೂವಿನಿಂದಲೇ ಹೀಗಾದದ್ದು ಎಂದು ಜಗಳವನ್ನೂ ಆಡಿದೆ. ಅಜ್ಜಿ ಕೇಳಿಸಿಕೊಂಡು, "ಹೂ ಅರಳದಿದ್ದರೆ ಕುಡಿಯುತ್ತಿದ್ದೆಯಾ?" ಎಂದು ಕೇಳಿದರು. ನನಗೆ ಉತ್ತರ ಗೊತ್ತಿರಲಿಲ್ಲ. ಅಂಥ ಮನೆಯ ಜಗಲಿಗೆ ನಾನು ಏರಿದ್ದೇ ಅದು ಮೊದಲು. ಅಜ್ಜಿ ಸೋಸುವ ಬಟ್ಟೆಯನ್ನು ಹಗ್ಗದಿಂದ ತೆಗೆದು, ಮಡಚಿ, ಮತ್ತೆ ಬಿಡಿಸಿದರು. "ನನಗೂ ಗೊತ್ತಿಲ್ಲ. ನಾಳೆ ನಾನೂ ಬರ್ತೇನೆ," ಎಂದರು.

ಬೆಳಿಗ್ಗೆ ನಾವು ಅಂಗಳ ಮುಟ್ಟುವ ಮೊದಲೇ ಮಾಷ್ಟ್ರು ಎದ್ದು ಬಂದರು. ಕೈಯಲ್ಲಿ ಅಂಟು ಹಾಕಿದ ಲಕೋಟೆ. "ಇಷ್ಟು ದೂರ ನೀವು ಯಾಕೆ ಬಂದದ್ದು ಅಮ್ಮ? ಪತ್ರ ಆಗಿದೆ," ಎಂದು ನನ್ನ ಕೈಗೆ ಕೊಟ್ಟರು. ನನಗೆ ಹೋದ ಪ್ರಾಣ ಬಂದ ಹಾಗಾಯಿತು. ನಿಜ ಹೇಳುತ್ತೇನೆ, ಆ ಗಳಿಗೆಯಲ್ಲಿ ನನಗೆ ಬೇರೆ ಯಾವ ಯೋಚನೆಯೂ ಇರಲಿಲ್ಲ. ಓಡಿಹೋಗಿ ಬಸ್ಸು ಹತ್ತಿದರೆ ಸಾಕೆನಿಸಿತ್ತು. ಅಜ್ಜಿ ತಿರುಗಲಿಲ್ಲ. ಮೆಟ್ಟಲು ಹತ್ತಿ, ಜಗಲಿಯ ಚಾಪೆಯಲ್ಲಿ ಕೂತು, ಒಳಗೆ ನೋಡಿ, "ಸೇಸಕ್ಕ, ಬಾಯಾರಿಕೆ ಆಗ್ತದೆ," ಎಂದರು.

ಸೇಸಕ್ಕ ಬಾಗಿಲಲ್ಲಿ ನಿಂತೇ ಗಂಡನ ಮುಖ ನೋಡಿದರು. ಆಮೇಲೆ ಬೆಲ್ಲ, ನೀರು ಬಂತು. ಅಜ್ಜಿ ಸೊಂಟದಿಂದ ಸೋಸುವ ಬಟ್ಟೆ ತೆಗೆದು ಇನ್ನೊಂದು ಚೊಂಬಿನ ಬಾಯಿಗೆ ಹಿಡಿದು, "ತಪ್ಪು ತಿಳಿಯಬೇಡಿ ಮಾಷ್ಟ್ರೇ. ನನ್ನ ತಮ್ಮನ ಮನೆಯಲ್ಲಿಯೂ ನಾನು ಹೀಗೇ ಕುಡಿಯುವುದು," ಎಂದು ಸೋಸಿಕೊಂಡರು. ಬೆಲ್ಲ ಕಚ್ಚಿ ಗಟಗಟ ಕುಡಿದರು. ನಾನೂ ಕುಡಿದೆ. ಹೂವಿನ ಕತೆಯನ್ನು ಆಗ ಅಜ್ಜಿಯೇ ಹೇಳಿದರು. ಮಾಷ್ಟ್ರು ಮೆಟ್ಟಲಿನ ಗಿಡವನ್ನು ನೋಡಿದರು, ಗಡಿಯಾರವನ್ನು ನೋಡಿದರು, ಮೂರು ವರ್ಷದಲ್ಲಿ ಕ್ಲಾಸಿನಲ್ಲಿ ಒಮ್ಮೆಯೂ ನಗದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುತ್ತಾ ನಗುತ್ತಾ ಹೆಗಲ ಬೈರಾಸಿನಿಂದ ಕಣ್ಣು ಒರೆಸಿಕೊಂಡರು. ಹೊರಡುವಾಗ ಅಜ್ಜಿ, "ಬಾವಿ ಎಲ್ಲುಂಟು?" ಎಂದು ಕೇಳಿ ಹಿತ್ತಲಿಗೆ ಹೋದರು. ಸೇಸಕ್ಕ ನೀರು ಸೇದಿ ಹೊಯ್ದರು, ಅಜ್ಜಿ ಬಟ್ಟೆ ಮಗುಚಿ ಹಿಡಿದು ಅವರ ಬಾವಿಯ ಜೀವವನ್ನು ಅವರ ಬಾವಿಗೇ ಬಿಟ್ಟರು. ಆ ಇಬ್ಬರು ಹೆಂಗಸರು ಬಾವಿಕಟ್ಟೆಗೆ ಒರಗಿ ಸುಮಾರು ಹೊತ್ತು ಮಾತಾಡುತ್ತಿದ್ದರು. ನಮಗೆ ಹನ್ನೊಂದರ ಬಸ್ಸು ತಪ್ಪಿತು.

ಸೋಮವಾರ ಮಂಗಳೂರಿನ ಹಾಸ್ಟೆಲಿನಲ್ಲಿ ವಾರ್ಡನ್ ಅಮ್ಮ ನನ್ನೆದುರೇ ಲಕೋಟೆ ಒಡೆದು ಓದಿದರು. ಒಂದು ಪುಟ ತುಂಬ ಬರೆದಿದ್ದರು ಮಾಷ್ಟ್ರು. ಏನು ಬರೆದಿದ್ದರೆಂದು ನನಗೆ ಇವತ್ತಿಗೂ ಗೊತ್ತಿಲ್ಲ, ಓದಿ ಮುಗಿಸಿದ ವಾರ್ಡನ್ ಒಮ್ಮೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಮಂಚ ಕಿಟಕಿಯ ಹತ್ತಿರ ಬೇಕಾ?" ಎಂದರು, ಅಷ್ಟೇ. ಆದರೆ ಮೇಜಿನ ಮೇಲೆ ಇಟ್ಟ ಕಾಗದದ ಮೂಲೆಯನ್ನು ನಾನು ತಲೆಕೆಳಗಾಗಿ ಓದಿದ್ದೆ. ಅಲ್ಲಿದ್ದದ್ದು ಶುಕ್ರವಾರದ ತಾರೀಕು. ನಾನು ಅವರ ನೀರು ಮುಟ್ಟದೆ ಎದ್ದು ಬಂದ ದಿನದ್ದು.

ಅಜ್ಜಿ ಹೋದರು, ಅಪ್ಪನೂ ಹೋದರು. ಮಾಷ್ಟ್ರೂ ಸೇಸಕ್ಕನೂ ಒಬ್ಬರ ಹಿಂದೆ ಒಬ್ಬರು. ವೇಣೂರಿನ ಮನೆಯ ಜಾಗದಲ್ಲಿ ಈಗ ಮದುವೆ ಹಾಲ್ ಉಂಟು, ರಾತ್ರಿ ಹತ್ತರವರೆಗೂ ಪಂಕ್ತಿ ನಡೆಯುತ್ತದಂತೆ. ಅಜ್ಜಿ ಇದ್ದಿದ್ದರೆ ಏನೆನ್ನುತ್ತಿದ್ದರೋ. ನಾನು ಮಂಗಳೂರಿನಲ್ಲಿಯೇ ಲೆಕ್ಕದ ಟೀಚರಾಗಿ ನಿವೃತ್ತಳಾದೆ. ಪ್ರತಿ ವರ್ಷ ಜೂನ್ ಬಂತೆಂದರೆ ಪತ್ರ ಬೇಕು ಟೀಚರ್ ಎಂದು ಹುಡುಗಿಯರು ಮನೆ ಬಾಗಿಲಿಗೆ ಬರುತ್ತಿದ್ದರು. ಮೊದಲು ಬೆಲ್ಲ, ನೀರು ತಂದಿಡುತ್ತಿದ್ದೆ. ಹೆಚ್ಚಿನವರು ಕುಡಿಯುತ್ತಿದ್ದರು. ಕೆಲವರು ಯಾವ ಕಾರಣಕ್ಕೋ ಮುಟ್ಟುತ್ತಿರಲಿಲ್ಲ, ನಾನು ಕೇಳಲಿಲ್ಲ. ಅವರು ಗೇಟು ದಾಟಿದ ಕೂಡಲೇ ಕೂತು ಒಂದು ಪುಟ ತುಂಬ ಬರೆದು, ಮೂಲೆಯಲ್ಲಿ ಅದೇ ದಿನದ ತಾರೀಕು ಹಾಕಿ, ಲಕೋಟೆಗೆ ಅಂಟು ಹಚ್ಚುತ್ತಿದ್ದೆ.