ಅತ್ತೆಯ ನೋವು, ನನ್ನ ಉತ್ತರ

ಡಾಕ್ಟರ ಮುಂದೆ ಕೂತರೆ ನನಗೊಂದು ವಿಚಿತ್ರ ಚಟ. ಪಕ್ಕದವರಿಗೆ ಜೋರಾಗಿ ಉಸಿರೆಳೆಯಲು ಹೇಳಿದರೆ ನಾನೂ ಎಳೆಯುತ್ತೇನೆ. ಅವರಿಗೆ ನಾಲಿಗೆ ತೋರಿಸಲು ಹೇಳಿದರೆ ನನ್ನ ನಾಲಿಗೆ ಹಲ್ಲಿನವರೆಗೆ ಬಂದು ನಿಲ್ಲುತ್ತದೆ. ಇಷ್ಟೇ ಆಗಿದ್ದರೆ ನಗಬಹುದಿತ್ತು. ಒಂದು ಕಾಲಕ್ಕೆ ಅವರ ಉತ್ತರವನ್ನೂ ನಾನೇ ಕೊಟ್ಟುಬಿಡುತ್ತಿದ್ದೆ. ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ನನ್ನ ಮೇಲೆ ಸ್ವಲ್ಪ, ಆಸ್ಪತ್ರೆಯ ಮೇಲೆ ಬಹಳ. ಈ ಪ್ರಮಾಣ ಸರಿಯೋ ತಪ್ಪೋ ಎಂಬ ಸಂಶಯ ಮಾತ್ರ ಬಿಟ್ಟಿಲ್ಲ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಬೆಳಗಾವಿಯ ಅನಗೋಳದಲ್ಲಿ ನನ್ನ ಬಾಡಿಗೆ ಮನೆ. ಖಾನಾಪುರದಿಂದ ಸೋದರತ್ತೆಯ ಮಗನ ಕಾರ್ಡು ಬಂತು: ಅವ್ವನಿಗೆ ಹೊಟ್ಟೆನೋವು, ಬೆಳಗಾವಿಯ ದೊಡ್ಡ ಆಸ್ಪತ್ರೆಗೆ ತೋರಿಸು. ಮರುದಿನ ಅತ್ತೆಯೂ ಬಂದಳು. ಅವಳನ್ನು ನಾನು ಏನನ್ನೂ ಕೇಳಲಿಲ್ಲ, ಕಾರ್ಡು ಓದಿದ್ದೆನಲ್ಲ! ಎದುರಿಗಿರುವ ಮನುಷ್ಯರಿಗಿಂತ ಬರೆದದ್ದನ್ನು ಹೆಚ್ಚು ನಂಬುವ ಗುಣವನ್ನು ನನಗೆ ಕಲಿಸಿದ್ದು ವಿಶ್ವವಿದ್ಯಾಲಯ.

ಬೆಳಿಗ್ಗೆ ಏಳಕ್ಕೆ ಚೀಟಿ ಮಾಡಿಸಿದವರು ಹನ್ನೊಂದೂವರೆಗೆ ಒಳಗೆ ಹೋದೆವು. ಅಷ್ಟೂ ಹೊತ್ತು ಅರವತ್ತು ದಾಟಿದ ಅತ್ತೆ ಗೋಡೆಗೆ ಆತು ನಿಂತಿದ್ದಳು. ಒಳಗೆ ಡಾಕ್ಟರು ನನ್ನ ಅಂಗಿಯ ಕಿಸೆಯಲ್ಲಿದ್ದ ಪೆನ್ನು ನೋಡಿ ಕುರ್ಚಿ ತೋರಿಸಿದರು. ಅತ್ತೆಗೆ ಸ್ಟೂಲು.

“ಏನ್ ತ್ರಾಸ ಐತ್ರಿ ಇವರಿಗೆ?” ಎಂದು ನನ್ನನ್ನು ಕೇಳಿದರು.

ಅತ್ತೆ ಬಾಯಿ ತೆರೆದಳು. “ಹೊಟ್ಟಿ ನೋವ್ರಿ,” ಎಂದೆ ನಾನು.

“ಖಾರ ಭಾಳ ತಿಂತಾರೇನು?”

“ಭಾಳ ರೀ.”

ಅವಳು ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಔಷಧ ಬರೆದಾಗಿತ್ತು. ಕನ್ನಡ, ಮರಾಠಿ ಎರಡರಲ್ಲೂ ಸಂತೆಯ ಜಗಳ ಗೆಲ್ಲುತ್ತಿದ್ದ ಹೆಂಗಸು ಅವಳು. ಆ ಕೋಣೆಯಲ್ಲಿ ಮಾತ್ರ ಯಾರೋ ತಂದಿಟ್ಟ ಗಂಟಿನ ಹಾಗೆ ಕೂತಿದ್ದಳು.

ರೋಗಿಯನ್ನು ನೋಡಬೇಕು, ಮುಟ್ಟಬೇಕು, ಕೇಳಬೇಕು ಎಂದು ನಮ್ಮ ಹಳೆಯ ವೈದ್ಯಶಾಸ್ತ್ರ ಮೂರು ಪರೀಕ್ಷೆಗಳನ್ನು ಹೇಳುತ್ತದೆ. ಆ ಹಿರಿಯರ ಕಾಲದಲ್ಲಿ ರೋಗಿಯ ಜೊತೆಗೆ ಪದವೀಧರ ಸೋದರಳಿಯ ಬರುತ್ತಿರಲಿಲ್ಲವೆಂದು ಕಾಣುತ್ತದೆ.

ಒಂದೂವರೆ ತಿಂಗಳು ಬಿಳಿ ಔಷಧ ಕುಡಿದರೂ ನೋವು ಹೋಗಲಿಲ್ಲ. ಎರಡನೆಯ ಸಲ ಹೋದಾಗಲೂ ಡಾಕ್ಟರು ನನ್ನನ್ನೇ ಕೇಳಿದರು, ನಾನೇ ಹೇಳಿದೆ. ಔಷಧದ ಬಣ್ಣ ಗುಲಾಬಿಯಾಯಿತು. ಮೂರನೆಯ ಸಲ ಹೊರಗಿನ ಮೇಜಿನ ಬಳಿ ರಕ್ತದೊತ್ತಡ ನೋಡಲು ಒಬ್ಬ ನರ್ಸು ಕೂತಿದ್ದರು. ಅತ್ತೆಯ ತೋಳಿಗೆ ಪಟ್ಟಿ ಸುತ್ತುತ್ತ, “ಎಲ್ಲಿ ನೋಯ್ತೈತಿ ಯವ್ವಾ?” ಎಂದರು.

“ಅವರಿಗೆ ಹೊಟ್ಟ್ಯಾಗ...” ಎಂದು ನಾನು ಶುರು ಮಾಡಿದೆ.

“ನೋವು ನಿಮಗೈತೇನ್ರಿ? ಸುಮ್ಮ ಕುಂದರ್ರಿ!”

ಅತ್ತೆ ನನ್ನತ್ತ ನೋಡದೆ ಹೇಳಿದಳು: “ಕೊಡ ಹೊತ್ತು ದಿನ್ನಿ ಏರೂ ಮುಂದ ಎದಿ ಮ್ಯಾಲೆ ಕಲ್ಲು ಇಟ್ಟಂಗ ಆಗ್ತೈತಿ. ಎಡಗೈ ಜೋಮು ಹಿಡೀತೈತಿ. ಕುಂತ್ರ ಕಮ್ಮಿ.”

“ಇದನ್ನ ಒಳಗ ಹೇಳಿಲ್ಲೇನು?”

“ನನ್ನ ಯಾರು ಕೇಳ್ಯಾರ್ರಿ?”

ನರ್ಸು ಪಟ್ಟಿಯನ್ನು ಅರ್ಧಕ್ಕೇ ಬಿಟ್ಟು ಒಳಗೆ ಓಡಿದರು. ಡಾಕ್ಟರು ಹೊರಗೆ ಬಂದು, ಅಷ್ಟಾದ ಮೇಲೂ, ನನ್ನನ್ನೇ ನೋಡಿ ಗದರಿದರು: “ಎದಿನೋವು ಅಂತ ಮೊದಲ ಹೇಳಾಕ ಏನಾಗಿತ್ರಿ?” ಅತ್ತೆಯ ಹೃದಯ ಆಗಲೇ ಸಾಕಷ್ಟು ಪೆಟ್ಟು ತಿಂದಿತ್ತು. ಇನ್ನೊಂದು ವಾರ ಗುಲಾಬಿ ಔಷಧ ಕುಡಿದಿದ್ದರೆ ಅವಳು ಉಳಿಯುತ್ತಿರಲಿಲ್ಲ ಎಂದು ಆಮೇಲೆ ತಿಳಿಯಿತು.

ಅವಳು ವಾರ್ಡಿನಲ್ಲಿ ಮಲಗಿದ್ದ ದಿನಗಳ ನನ್ನ ಡೈರಿಯನ್ನು ಮೊನ್ನೆ ತೆಗೆದು ನೋಡಿದೆ. ನೆನಪಿನಲ್ಲಿ ನಾನು ಡಾಕ್ಟರಿಗೆ ಎದುರು ನಿಂತು ಜಗಳವಾಡಿದ್ದೇನೆ. ಡೈರಿಯಲ್ಲಿ ಅಂಥ ಜಗಳವೇ ಇಲ್ಲ. ಡಾಕ್ಟರನ್ನು ಬೈದ ಎರಡು ಪುಟಗಳಿವೆ, ಒಳ್ಳೆಯ ಭಾಷೆಯಲ್ಲಿ. ಅತ್ತೆಗೆ ಆ ದಿನಗಳಲ್ಲಿ ಹೇಗಿತ್ತು ಎಂಬ ಬಗ್ಗೆ ಒಂದು ಸಾಲೂ ಇಲ್ಲ. ರೋಗಿಯನ್ನು ಮನುಷ್ಯರಂತೆ ಕಾಣದ ಆಸ್ಪತ್ರೆಯ ಮೇಲೆ ಸಿಟ್ಟಾಗಿ ಬರೆದವನೂ ಅವಳನ್ನು ಕೇಳುವುದನ್ನು ಮರೆತಿದ್ದ. ಆಸ್ಪತ್ರೆಯ ಮೇಲಿನ ಸಿಟ್ಟು ಇದರಿಂದ ಕಡಿಮೆಯಾಗಲಿಲ್ಲ, ಪ್ರಮಾಣವನ್ನಷ್ಟೇ ತಿದ್ದಿಕೊಳ್ಳಬೇಕಾಯಿತು.

ಮೂರು ವಾರದ ಮೇಲೆ ಅವಳನ್ನು ಖಾನಾಪುರಕ್ಕೆ ಬಿಡಲು ಹೊರಟೆ. ಬಸ್ಸು ಊರು ದಾಟಿದ ಮೇಲೆ, “ಅತ್ತೀ, ಈಗ ಹೆಂಗ ಅನಸ್ತೈತಿ?” ಎಂದೆ.

ಅವಳು ಸೆರಗು ಸರಿಮಾಡಿಕೊಂಡು ನನ್ನನ್ನು ದಿಟ್ಟಿಸಿ ನೋಡಿದಳು. “ಖರೇನ ಕೇಳಾಕತ್ತೀಯೋ, ಸುಮ್ಮನ ಕೇಳಾಕತ್ತೀಯೋ?”

“ಖರೇನ.”

ತಲೆಯಿಂದ ಶುರು ಮಾಡಿದಳು. ನೆತ್ತಿಯ ಉರಿ, ಬಲಗಿವಿಯ ಗುಂಯ್‌ಗುಡುವಿಕೆ, ಕತ್ತಿನ ಸೆಳೆತ, ಎದೆ, ಬೆನ್ನು. ನಾನು ನಡುವೆ ಬಾಯಿ ಹಾಕಲಿಲ್ಲ. ಖಾನಾಪುರ ಬಂದು ಕಂಡಕ್ಟರು ಇಳಿಯಲು ಕೂಗಿದಾಗ ನಾವಿನ್ನೂ ಮೊಣಕಾಲಿನ ಹತ್ತಿರವಿದ್ದೆವು.