ನಂಬಿಗಸ್ಥ ಕಂಪನಿ ಹುಡುಕುವ ಬೊಮ್ಮಯ್ಯ

ಕೆಟ್ಟ ಸಿಬಿಲ್ ಸ್ಕೋರ್ ಸರಿಮಾಡಿಕೊಡುತ್ತೇವೆಂದು ಬೋರ್ಡು ಹಾಕಿದ ಯಾವ ಆಫೀಸಿನ ಮೆಟ್ಟಿಲನ್ನೂ, ಅಂಕೋಲೆಯಿಂದ ಕಾರವಾರದವರೆಗೆ, ಬಾಳೆಗುಳಿಯ ಬೊಮ್ಮಯ್ಯ ಹತ್ತದೆ ಬಿಟ್ಟವನಲ್ಲ. ಕಂಕುಳಲ್ಲಿ ಬ್ಯಾಂಕಿನ ಕಾಗದಗಳ ಪ್ಲಾಸ್ಟಿಕ್ ಚೀಲ. ತಲೆಯಲ್ಲಿ, ಸಾಲ ಸಿಗದೆ ಎರಡು ಮಳೆಗಾಲದಿಂದ ತಾಡಪತ್ರಿಯಡಿ ಅರ್ಧಕ್ಕೇ ನಿಂತ ಮನೆ. ಒಳಗೆ ಕಾಲಿಡುವ ಮೊದಲು ಬೋರ್ಡು ಮುಟ್ಟಿ ನೋಡುತ್ತಾನೆ: ಫ್ಲೆಕ್ಸ್ ಆದರೆ ಸುತ್ತಿಕೊಂಡು ಓಡಿಹೋಗುವವರು, ತಗಡಿನದಾದರೆ ಒಂದು ವರ್ಷವಾದರೂ ಇರುವವರು. ಮೂಲೆಯಲ್ಲಿ ಹಳೆಯ ಕೊಡೆಯೊಂದಿದ್ದರೆ, ಮಳೆಗಾಲ ಕಂಡವರೆಂದು ಅವರ ಮೇಲೆ ಇನ್ನಷ್ಟು ವಿಶ್ವಾಸ. ಸಲಹೆ ಕೇಳಲು ಬಂದವರಿಗೆಲ್ಲ, "ಮೊದ್ಲೇ ದುಡ್ಡು ಕೇಳ್ದ್ರೆ ಎದ್ದು ಬಾ ತಮ್ಮಾ. ಒಂದೇ ವಾರದಲ್ಲಿ ಎಲ್ಲಾ ಅಳಿಸಿ ಕೊಡ್ತೆ ಅಂದ್ರೆ ಓಡಿ ಬಾ" ಎನ್ನುತ್ತಾನೆ. ಅವನ ಮಾತು ಕೇಳಿ ಮೋಸದಿಂದ ಪಾರಾದವರು ಹಾರವಾಡದಲ್ಲೂ ಇದ್ದಾರೆ. "ನಿಮ್ಗೊಬ್ರಿಗೇ ಇನ್ನೂ ಯಾರೂ ಸಿಕ್ಲಿಲ್ವ?" ಎಂದು ಹೆಂಡತಿ ಗಂಗೆ ಕೇಳಿದರೆ ಮಾತ್ರ, "ನೋಡ್ವಾ" ಎಂದು ಅಂಗಿ ಸಿಕ್ಕಿಸಿಕೊಂಡು ಹೊರಟುಬಿಡುತ್ತಾನೆ. ಸಿಕ್ಕಿದ್ದರು, ಮೊದಲ ತಿಂಗಳಲ್ಲೇ. ಕಾರವಾರದ ಓಣಿಯೊಂದರ ಸಣ್ಣ ಕೋಣೆಯಲ್ಲಿ ವೀಣಾ ಎಂಬಾಕೆ ಬಿಡಿಗಾಸೂ ಕೇಳದೆ ಕಾಗದಗಳನ್ನೆಲ್ಲ ಓದಿ, "ನಿಮ್ಮ ಸ್ಕೋರ್ ಕೆಡ್ಸಿದ ಈ ಸಾಲದ ಸಹಿ ನಿಮ್ದಲ್ಲ. ಯಾರು ಹಾಕಿದ್ದು ಅಂತ ಪೊಲೀಸರಿಗೆ ಬರ್ದು ಕೊಡಿ, ಉಳ್ದದ್ದು ನಾ ಮಾಡ್ತೆ" ಎಂದಿದ್ದಳು. ಬೊಮ್ಮಯ್ಯ ಆ ಸಹಿಯನ್ನು ಬಹಳ ಹೊತ್ತು ನೋಡಿದ್ದ. ಮಗ ಕುಮಾರ ಏಳನೇ ಇಯತ್ತೆಯಲ್ಲಿ ಪ್ರಗತಿಪತ್ರದ ಮೇಲೆ ಅಪ್ಪನ ಹೆಸರನ್ನು ಹೀಗೇ ದುಂಡಗೆ ಬರೆದಾಗ, ಜಾಣ ಎಂದು ಬೆನ್ನು ತಟ್ಟಿ ನಕ್ಕವನು ತಾನೇ. ಅಂದು ಚೀಲ ಸುತ್ತಿಕೊಂಡು ಎದ್ದ ಬೊಮ್ಮಯ್ಯ, ಆ ಓಣಿಯೊಂದನ್ನು ಬಿಟ್ಟು ಎಲ್ಲ ಕಡೆಯೂ ನಂಬಿಗಸ್ಥರನ್ನು ಹುಡುಕುತ್ತಿದ್ದಾನೆ.