ಬೇಲಾಪುರದ ಬೋಣಿ

ಪ್ರವಾಸ ಹೋಗಿಬಂದವನು ಟಿಕೆಟ್ಟಿಗೆಷ್ಟು, ಊಟಕ್ಕೆಷ್ಟು ಎಂಬುದನ್ನು ಓದುಗರಿಗೆ ಸರಿಯಾಗಿ ತಿಳಿಸಬೇಕು. ಈ ಧರ್ಮವನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ, ಆದರೆ ಈ ಸಲ ಪಾಲಿಸಲಾರೆ. ಕುಂದಾಪುರದ ಮನೆಯಿಂದ ರೈಲ್ವೆ ಸ್ಟೇಷನ್ನಿನವರೆಗೆ ಆಟೋದವನು ನೂರಿಪ್ಪತ್ತು ರೂಪಾಯಿ ತೆಗೆದುಕೊಂಡ. ಅಲ್ಲಿಂದ ಮುಂದೆ ಭಾನುವಾರ ಮಧ್ಯಾಹ್ನದವರೆಗೆ ನನ್ನ ಪರ್ಸು ಜೇಬಿನಿಂದ ಹೊರಗೆ ಬರಲು ಯಾರೂ ಬಿಡಲಿಲ್ಲ. ರೈಲಿನೊಳಗಿನ ಚಹಾಕ್ಕೆ ಕೂಡ ಎದುರು ಸೀಟಿನ ಯುವಕನೇ ದುಡ್ಡು ಕೊಟ್ಟ. ಅವನು ರಘುರಾಮ ಶೆಟ್ಟರ ಹೊಟೇಲಿನ ಸೂಪರ್‌ವೈಸರ್ ಅಂತೆ. ರಜೆ ಮುಗಿಸಿ ಹೊರಟಿದ್ದನಂತೆ. ನನ್ನೆದುರೇ ಸೀಟು ಸಿಕ್ಕಿದ್ದು ಆಕಸ್ಮಿಕವಂತೆ. ನಾನು ನಂಬಿದಂತೆ ತಲೆಯಾಡಿಸಿ ಚಹಾ ಕುಡಿದೆ.

ರಘುರಾಮ ಶೆಟ್ಟರು ಒಂದು ಕಾಲದಲ್ಲಿ ನನ್ನ ವಿದ್ಯಾರ್ಥಿ. ಈಗ ಠಾಣೆಯಲ್ಲಿ ಒಂದು, ಡೊಂಬಿವಲಿಯಲ್ಲಿ ಎರಡು ಹೊಟೇಲುಗಳ ಧಣಿ. ಕಲ್ಯಾಣದಲ್ಲಿ ಕಟ್ಟಡದ ಕಂತ್ರಾಟು ಮಾಡುವ ವಿಜಯಪುರ ಕಡೆಯ ಬಸವಂತಪ್ಪನವರ ಜೊತೆ ಸೇರಿ ಅವರೊಂದು ಟ್ರಸ್ಟು ನಡೆಸುತ್ತಾರೆ. ಕಲಬುರಗಿ, ರಾಯಚೂರು ಕಡೆಯಿಂದ ದುಡಿಯಲು ಬಂದ ಕನ್ನಡದವರಿಗೆ ಸ್ವಂತ ವ್ಯಾಪಾರ ಮಾಡುವುದನ್ನು ಕಲಿಸುವುದು ಅದರ ಕೆಲಸ. ಹಾಗೆ ಕಲಿತ ಒಬ್ಬಾಕೆ ಬೇಲಾಪುರದಲ್ಲಿ ತೆರೆಯಲಿದ್ದ ರೊಟ್ಟಿ ಅಂಗಡಿಯ ಉದ್ಘಾಟನೆಗೆ ನಾನು ಮುಖ್ಯ ಅತಿಥಿ. ಜೀವಮಾನವಿಡೀ ವಾಣಿಜ್ಯಶಾಸ್ತ್ರ ಬೋಧಿಸಿ ಒಂದು ಬೆಂಕಿಪೊಟ್ಟಣವನ್ನೂ ಮಾರದವನನ್ನು ಇದಕ್ಕೆ ಕರೆಯುವುದು ಸರಿಯೇ ಎಂದು ನಾನು ಕೇಳಲಿಲ್ಲ. ಮುಖ್ಯ ಅತಿಥಿಗಳನ್ನು ಆರಿಸುವ ಕ್ರಮ ನಮ್ಮ ನಾಡಿನಲ್ಲಿ ಎಲ್ಲೆಡೆಯೂ ಇದೇ.

ಶನಿವಾರ ಬೆಳಿಗ್ಗೆ ಠಾಣೆಯಲ್ಲಿ ಇಳಿದಾಗ ಮಳೆ ಹೊಯ್ಯುತ್ತಿತ್ತು. ಶೆಟ್ಟರು ಹಣೆಯ ಗಂಧ ಒದ್ದೆಯಾಗದಂತೆ ಕೊಡೆ ಹಿಡಿದು ಪ್ಲಾಟ್‌ಫಾರ್ಮಿನಲ್ಲೇ ನಿಂತಿದ್ದರು.

"ಸರ್, ಬ್ಯಾಗ್ ಇತ್ಲಾಗೆ ಕೊಡಿ. ನಡೀರಿ, ಸ್ಲೋ ಲೋಕಲ್ ಉಂಟು. ಈ ಹೊತ್ತಿಗೆ ಆಚೆ ಹೋಗುವ ಗಾಡಿಯಲ್ಲಿ ಮನುಷ್ಯರು ಹತ್ತುದಲ್ಲ, ಅವರನ್ನು ತುಂಬುದು. ನಮ್ಮದು ಉಲ್ಟಾ ದಿಕ್ಕು. ಆರಾಮಲ್ಲಿ ಕೂತು ಹೋಗುವ."

ಡೊಂಬಿವಲಿಯವರೆಗೆ ಕೂತೇ ಹೋದೆವು. ಟಿಕೆಟಿನ ಮೇಲೆ ಹತ್ತು ರೂಪಾಯಿ ಎಂದಿತ್ತು. ಶೆಟ್ಟರು ಅತ್ತ ತಿರುಗಿದಾಗ ಕಳ್ಳತನದಿಂದ ಓದಿಕೊಂಡದ್ದು.

ಶೆಟ್ಟರ ಹೊಟೇಲಿನಲ್ಲಿ ದಿನದ ಮೊದಲ ದೋಸೆ ದೇವರ ಪಟದ ಮುಂದೆ ಹೋಗುತ್ತದೆ, ಎರಡನೆಯದು ದನಕ್ಕೆ. ಆಮೇಲೆ ಬೋಣಿ, ಅಂದರೆ ದಿನದ ಮೊದಲ ವ್ಯಾಪಾರ. ಅದು ಸಾಲವಾಗಿರಕೂಡದು, ಪುಕ್ಕಟೆಯಾಗಿರಕೂಡದು, ಮನೆಯವರಿಂದಲೂ ಆಗಕೂಡದು. ಹೊರಗಿನವನೊಬ್ಬ ತಾನಾಗಿ ಬಂದು ದುಡ್ಡು ಕೊಟ್ಟು ತಿನ್ನಬೇಕು. ಹೊಸ ಅಂಗಡಿಯಾದರೆ ಈ ಬೋಣಿ ಮುಹೂರ್ತದೊಳಗೇ ನಡೆಯಬೇಕು. ಆಗದಿದ್ದರೆ ಬೀಗದ ಕೈ ದೇವರ ಕಾಲಬುಡಕ್ಕೆ ವಾಪಸು ಹೋಗುತ್ತದೆ, ಇನ್ನೊಂದು ಮುಹೂರ್ತ ಹುಡುಕಬೇಕು. ತಮ್ಮ ಮೂರು ಹೊಟೇಲುಗಳನ್ನೂ ಶೆಟ್ಟರು ಹೀಗೆಯೇ ತೆರೆದದ್ದು, ಮೂರೂ ನಿಂತಿವೆ. ನಿಂತ ಹೊಟೇಲಿನೊಳಗೆ ಕೂತು ಇದನ್ನು ಮೂಢನಂಬಿಕೆ ಎನ್ನುವ ಧೈರ್ಯ ನನಗಾಗಲಿಲ್ಲ.

ಎರಡು ಬನ್ಸ್ ತಿಂದು ಬಿಲ್ ಕೇಳಿದೆ. ಶೆಟ್ಟರ ಮುಖ ಸಣ್ಣದಾಯಿತು.

"ಎಂತ ಸರ್ ಇದು? ನೀವು ಹೊರಗಿನವರಾ? ನೀವು ನಮ್ಮವರು."

ಮಧ್ಯಾಹ್ನ ಕಲ್ಯಾಣ. ಬಸವಂತಪ್ಪನವರು ಹಣೆ ತುಂಬ ವಿಭೂತಿಯ, ಗಟ್ಟಿ ದನಿಯ ಮನುಷ್ಯ. ಬೆಳಿಗ್ಗೆ ಲಿಂಗಪೂಜೆ ಮುಗಿಯುವವರೆಗೆ ಅವರ ಫೋನು ಸತ್ತಿರುತ್ತದೆ. ಮುಗಿದ ಮೇಲೆ ಇಡೀ ಕಲ್ಯಾಣಕ್ಕೆ ಕೇಳಿಸುತ್ತದೆ. ಅವರ ಮನೆಗೆ ಅಂಗಡಿ ತೆರೆಯಲಿದ್ದ ಮಹಾದೇವಿ ಬಂದಿದ್ದಳು. ಜೇವರ್ಗಿ ಕಡೆಯ ಹೆಣ್ಣುಮಗಳು. ಕಲ್ಯಾಣದಾಚೆ ಟಿಟ್ವಾಳಾದ ಕಟ್ಟಡವೊಂದರಲ್ಲಿ ಇಟ್ಟಿಗೆ ಹೊರುತ್ತಿದ್ದಳು, ಬೆಳಗಾಗುವ ಮುಂಚೆ ಓಣಿಯವರಿಗೆ ರೊಟ್ಟಿ ಬಡಿಯುತ್ತಿದ್ದಳು. ಈಗ ರೊಟ್ಟಿಯನ್ನು ಮಾತ್ರ ನೆಚ್ಚಲು ನಿರ್ಧರಿಸಿದ್ದಳು.

"ಕೆಲಸ ಬಿಟ್ಟೇಬಿಟ್ಟೆಯಾ?" ಎಂದು ಕೇಳಿದೆ.

"ಬಿಟ್ಟೀನ್ರಿ. ಹೆಲ್ಮೆಟ್ ವಾಪಸ್ ಕೊಟ್ಟು ಬಂದೀನಿ. ನನ್ನ ಜಾಗಾಕ್ಕ ಬ್ಯಾರೆದಾಕಿ ಬಂದಾಳ. ಈಗ ತಲಿಮ್ಯಾಗ ರೊಟ್ಟಿ ಬುಟ್ಟಿ ಒಂದೇ ಅದ."

ಉದ್ಘಾಟನೆಯ ದಿನದ ಬಗ್ಗೆ ಟ್ರಸ್ಟಿನಲ್ಲಿ ದೊಡ್ಡ ಚರ್ಚೆಯೇ ನಡೆದಿತ್ತಂತೆ. ಬುಧವಾರದಿಂದ ಆಷಾಢ. ಮಂಗಳವಾರ ಅಮಾವಾಸ್ಯೆ.

"ನಮ್ಮ ಕಡೆ ಅಂಗಡಿ ಪೂಜಾ ಅಮಾಸಿಗೇ ಮಾಡೂದ್ರಿ," ಎಂದರು ಬಸವಂತಪ್ಪನವರು. "ಮಣ್ಣೆತ್ತಿನ ಅಮಾಸಿ ಅಂದ್ರ ಹಬ್ಬ. ಈ ಶೆಟ್ರು ಕೇಳಿ ಹೆದರಿಬಿಟ್ರು."

"ಅಮಾವಾಸ್ಯೆಗೆ ಅಂಗಡಿ ತೆರೆದರೆ ನನ್ನ ತಾಯಿ ಫೋಟೋದಿಂದ ಇಳಿದು ಬಂದು ಬೈತಾರೆ ಮಾರಾಯ್ರೆ," ಎಂದರು ಶೆಟ್ಟರು. "ಅದಕ್ಕೇ ಭಾನುವಾರ. ತ್ರಯೋದಶಿ, ಅಭಿಜಿನ್ ಮುಹೂರ್ತ, ಸರಿಯಾಗಿ ಊಟದ ಹೊತ್ತು. ಭಾನುವಾರ ಹೊಟೇಲಿಗೆ ಎಂಥಾ ರಶ್ಶು, ನಿಮಗೆ ಗೊತ್ತುಂಟಲ್ಲ ಸರ್."

ನನಗೆ ಗೊತ್ತಿತ್ತು. ಎಲ್ಲರಿಗೂ ಗೊತ್ತಿತ್ತು. ಬೇಲಾಪುರಕ್ಕೆ ಗೊತ್ತಿದೆಯೇ ಎಂದು ಮಾತ್ರ ಯಾರೂ ವಿಚಾರಿಸಲಿಲ್ಲ.

ಸಂಜೆ ಡೊಂಬಿವಲಿಯ ದೇವಸ್ಥಾನದ ಮಹಡಿಯ ಸಭಾಗೃಹದಲ್ಲಿ ಟ್ರಸ್ಟಿನ ತರಗತಿ. ಶೆಟ್ಟರ ಗಣಪತಿ ಶ್ಲೋಕ, ಬಸವಂತಪ್ಪನವರ ಶರಣು, ಆಮೇಲೆ ಪಾಠ. ಬೋರ್ಡಿನ ಮೇಲೆ ದಪ್ಪ ಅಕ್ಷರದಲ್ಲಿ 'ಮೊದಲ ಗಿರಾಕಿ ನಿಮ್ಮ ನೆಂಟನಲ್ಲ' ಎಂದು ಬರೆದಿತ್ತು. ದಿನವಿಡೀ ದುಡಿದು ಬಂದವರು ನಿದ್ದೆಗೆ ಜಾರದಂತೆ ಶೆಟ್ಟರು ಪ್ರಶ್ನೆ ಎಸೆಯುತ್ತಿದ್ದರು.

"ನಿಮ್ಮ ಮಾವ ಅಂಗಡಿಗೆ ಬಂದ, ಎರಡು ರೊಟ್ಟಿ ತಿಂದ. ಎಂತ ಮಾಡ್ತೀರಿ?"

"ಇನ್ನೊಂದು ಹಾಕ್ತೀವ್ರಿ," ಎಂದ ರಾಯಚೂರಿನವನೊಬ್ಬ. ಎಲ್ಲರೂ ನಕ್ಕರು.

"ನಾ ಬಿಲ್ ಮಾಡ್ತೀನ್ರಿ," ಎಂದಳು ಮಹಾದೇವಿ. "ಮನಿಗೆ ಬಂದ್ರ ಮಾವ. ಅಂಗಡಿಗೆ ಬಂದ್ರ ಗಿರಾಕಿ."

ಶೆಟ್ಟರು ನನ್ನತ್ತ ತಿರುಗಿ ಹೆಮ್ಮೆಯಿಂದ ನೋಡಿದರು. ಅಷ್ಟರಲ್ಲಿ ಚಹಾ ಬಂತು. ನಾನು ಪರ್ಸಿಗೆ ಕೈ ಹಾಕಿದೆ. ಶೆಟ್ಟರು ಆ ಕೈಯನ್ನು ಅಲ್ಲೇ ಹಿಡಿದು, "ನೀವು ನಮ್ಮವರು ಸರ್," ಎಂದರು. ಬೋರ್ಡು ಅವರ ಬೆನ್ನ ಹಿಂದಿತ್ತು.

ಭಾನುವಾರ ಠಾಣೆಯಲ್ಲಿ ಗಾಡಿ ಬದಲಿಸಿ ಪನವೇಲ್ ಲೋಕಲ್ ಹಿಡಿದೆವು. ಬೇಲಾಪುರ ಅಚ್ಚುಕಟ್ಟಾದ ಊರು. ಅಗಲವಾದ ರಸ್ತೆ, ಸಾಲಾಗಿ ಸರಕಾರಿ ಕಚೇರಿಗಳು, ಹಿಂದೆ ಮಳೆಗೆ ಹಸಿರಾದ ಗುಡ್ಡ. ಆ ದಿನ ಅಲ್ಲಿ ಇಲ್ಲದ್ದು ಒಂದೇ, ಜನ. ಕಚೇರಿಗಳ ಗೇಟುಗಳಿಗೆ ಬೀಗ. ರಸ್ತೆಯ ನಡುವೆ ಒಂದು ನಾಯಿ ಯಾವ ಅವಸರವೂ ಇಲ್ಲದೆ ಮೈ ಕೆರೆದುಕೊಳ್ಳುತ್ತಿತ್ತು. ಶೆಟ್ಟರು ಹಿಂದೆ ಎರಡು ಸಲ ಇಲ್ಲಿಗೆ ಬಂದಿದ್ದರು, ಎರಡೂ ಸಲ ಕೆಲಸದ ದಿನ. ಆಗ ಕಾಲಿಡಲು ಜಾಗವಿರಲಿಲ್ಲವಂತೆ.

ಅದೂ ಸಾಲದೆಂಬಂತೆ, ಹೊಸ ಅಂಗಡಿಯ ಮುಂದೆ ಹಸಿದವರು ಇರಬಾರದೆಂದು ಶೆಟ್ಟರು ಬೆಳಿಗ್ಗೆಯೇ ಹೊಟೇಲಿನಿಂದ ಶಿರಾ, ಉಪ್ಪಿಟ್ಟು ತರಿಸಿ ಪ್ರಸಾದವೆಂದು ಹಂಚಿಸಿದ್ದರು. ವಾಚ್‌ಮನ್ನರು, ಕಸ ಗುಡಿಸುವವರು, ಆಟೋದವರು, ಬಸ್ಸಿನ ಡ್ರೈವರುಗಳು ಎಲ್ಲರಿಗೂ ಸಂದಿತ್ತು. ಪಂಚಾಂಗ ನೋಡಿ, ದೇವರನ್ನು ನೆನೆದು, ಇದ್ದಬದ್ದ ಗಿರಾಕಿಗಳ ಹೊಟ್ಟೆಯನ್ನೆಲ್ಲ ಧರ್ಮಾರ್ಥವಾಗಿ ತುಂಬಿಸಿ, ಅನಂತರ ಅಂಗಡಿ ತೆರೆಯುವ ಸಾಹಸವನ್ನು ನನ್ನ ಪಠ್ಯಪುಸ್ತಕಗಳು ಊಹಿಸಿರಲಿಲ್ಲ.

ಹನ್ನೆರಡು ದಾಟಿದ ಮೇಲೆ ಪೂಜೆಯಾಯಿತು. ನಾನು ರಿಬ್ಬನ್ ಕತ್ತರಿಸಿ, ವ್ಯಾಪಾರದಲ್ಲಿ ಧೈರ್ಯದ ಸ್ಥಾನ ಎಂಬ ವಿಷಯದ ಮೇಲೆ ನಾಯಿಯನ್ನೂ ಸೇರಿಸಿ ಹತ್ತು ಜನರ ಮುಂದೆ ಮಾತಾಡಿದೆ. ಮಹಾದೇವಿ ಒಲೆ ಹಚ್ಚಿದಳು. ಒಂದು ಬದಿಗೆ ಬಿಸಿ ರೊಟ್ಟಿ, ಇನ್ನೊಂದು ಬದಿಗೆ ಗೋಪುರದಂತೆ ಪೇರಿಸಿದ ಖಡಕ್ ರೊಟ್ಟಿ. ಎಣ್ಣೆಗಾಯಿಯ ವಾಸನೆ ಖಾಲಿ ರಸ್ತೆಯ ಉದ್ದಕ್ಕೂ ಹೋಗಿ ಯಾರನ್ನೂ ಕಾಣದೆ ವಾಪಸು ಬಂತು.

ಬಸವಂತಪ್ಪನವರು ಎದುರು ಗೇಟಿನ ವಾಚ್‌ಮನ್ನನ್ನು ಕೂಗಿ ಕರೆದರು. ಅವನು ಅಲ್ಲಿಂದಲೇ ಕೈ ಮುಗಿದು, ಎರಡು ಬೆರಳು ತೋರಿಸಿ ಹೊಟ್ಟೆ ಸವರಿಕೊಂಡ.

"ಆಜ್ ಸಂಡೇ ಹೈ ನಾ, ಸಾಬ್. ಔರ್ ಪರಸಾದ್ ಮೈನೇ ದೋ ಬಾರ್ ಖಾಯಾ."

"ಸಂಡೇ," ಎಂದು ಬಸವಂತಪ್ಪನವರು ಶೆಟ್ಟರ ಕಡೆ ತಿರುಗಿದರು. "ಅಮಾಸಿ ಬ್ಯಾಡ ಅಂದ್ರಿ. ಈಗ ನೋಡ್ರಿ, ಹಗಲಿನ್ಯಾಗ ಅಮಾಸಿ."

ಶೆಟ್ಟರು ಕೈಯಲ್ಲಿದ್ದ ಬೀಗದ ಕೈಯನ್ನೇ ನೋಡುತ್ತಿದ್ದರು. "ಮುಹೂರ್ತ ಒಂದು ಗಂಟೆಯವರೆಗೆ ಮಾತ್ರ, ಇನ್ನು ಸ್ವಲ್ಪವೇ ಉಳಿದದ್ದು. ಬೋಣಿ ಆಗದಿದ್ದರೆ ಆಷಾಢ ಕಳೆದು ಶ್ರಾವಣಕ್ಕೆ ನೋಡುವ ಮಹಾದೇವಿ. ಹಟ ಮಾಡಿ ತೆರೆದರೆ ಒಳ್ಳೇದಾಗುದಿಲ್ಲ. ನಿನ್ನ ಒಳ್ಳೇದಕ್ಕೇ ಹೇಳುದು."

"ಶ್ರಾವಣದ ತನಕ ಏನ್ ಉಣ್ಣಲ್ರಿ ಅಣ್ಣಾರ? ಇಟ್ಟಂಗಿ ಹೊರೂ ಕೆಲಸಾನೂ ಹೋತು."

ಶೆಟ್ಟರು ಕಲ್ಲು ಮನಸ್ಸಿನವರಲ್ಲ. ಆ ತಿಂಗಳ ಖರ್ಚನ್ನು ತಾವೇ ಕೊಡುತ್ತಿದ್ದರು, ಅವಳು ತೆಗೆದುಕೊಳ್ಳುವವಳಾಗಿದ್ದರೆ. ಆದರೆ ಪುಕ್ಕಟೆ ಯಾರಿಂದಲೂ ತೆಗೆದುಕೊಳ್ಳಬೇಡಿ ಎಂಬುದೂ ಅವರದೇ ಪಾಠವಾಗಿತ್ತು.

ಆಗ ಮಹಾದೇವಿ ನನ್ನನ್ನು ನೋಡಿದಳು. ನನಗೆ ಸಕ್ಕರೆ ಕಾಯಿಲೆ, ಆದ್ದರಿಂದ ಶಿರಾ ಮುಟ್ಟಿರಲಿಲ್ಲ. ಭಾಷಣದ ಚಿಂತೆಯಲ್ಲಿ ಉಪ್ಪಿಟ್ಟೂ ತಪ್ಪಿತ್ತು. ಇಡೀ ಬೇಲಾಪುರದಲ್ಲಿ ಆ ಹೊತ್ತಿಗೆ ಹಸಿದಿದ್ದ ಮನುಷ್ಯ ಬಹುಶಃ ನಾನೊಬ್ಬನೇ.

"ಸಾಹೇಬ್ರು ಉಂಡಿಲ್ಲಲ್ರಿ," ಎಂದಳು.

"ಅಯ್ಯೋ, ಸರ್‌ಗೆ ಬಡಿಸು, ಬಡಿಸು."

"ಬಡಸೂದಲ್ರಿ. ಮಾರೂದು."

ಶೆಟ್ಟರು ಹೌಹಾರಿದರು. "ನನ್ನ ಗುರುಗಳ ಹತ್ರ ದುಡ್ಡು ತಗೊಳ್ಳುದಾ? ಅವರು ನಮ್ಮವರು. ನಮ್ಮವರ ಬೋಣಿ ಬೋಣಿಯಲ್ಲ."

"ನಿಮಗ ಗುರುಗೋಳು," ಎಂದರು ಬಸವಂತಪ್ಪನವರು. "ಆಕಿ ಇವ್ರನ್ನ ಮೊದಲ ನೋಡಿದ್ದೇ ನಿನ್ನೆ."

"ಟಿಕೆಟ್ ಕೊಟ್ಟು ಕರೆಸಿದ್ದು ನಾವು. ತಾನಾಗಿ ಬಂದವರಲ್ಲ."

"ಮನಿಗೆ ಬಂದ್ರ ಗುರುಗಳ್ರಿ ಅಣ್ಣಾರ," ಎಂದು ಮಹಾದೇವಿ ಮೆಲ್ಲಗೆ ಶುರು ಮಾಡಿದಳು. ಮುಂದಿನ ಮಾತನ್ನು ಹೇಳಲಿಲ್ಲ. ಶೆಟ್ಟರಿಗೆ ಅದು ಬಾಯಿಪಾಠವಿತ್ತು.

ನಾನು ಹೊರಗಿನವನಾದರೆ ಎರಡು ದಿನದ ಆತಿಥ್ಯ ಸುಳ್ಳು. ಒಳಗಿನವನಾದರೆ ಮಹಾದೇವಿಗೆ ಒಂದು ತಿಂಗಳು ಒಲೆಯಿಲ್ಲ. ಶೆಟ್ಟರು ನಿಜವಾಗಿ ಸಂಕಟಪಡುತ್ತಿದ್ದರು. ದೇವರ ಮುಂದೆ ಸುಳ್ಳು ಲೆಕ್ಕ ತೋರಿಸುವವರಲ್ಲ ಅವರು. ಕೊನೆಗೆ ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದರು.

"ಸರ್, ಸತ್ಯ ಹೇಳಿ. ನೀವು ಮನಸ್ಸಿನಿಂದ ಹೊರಗಿನವರಾ?"

"ಒಂದು ಗಂಟೆಯವರೆಗೆ ಹೊರಗಿನವ," ಎಂದೆ. "ಆಮೇಲೆ ನಿಮ್ಮವನೇ."

ಕೊಡೆ ಬಿಚ್ಚಿ ಬಸ್ ಸ್ಟಾಪಿನವರೆಗೆ ನಡೆದೆ. ಹೆಗಲ ಮೇಲಿನ ಸನ್ಮಾನದ ಶಾಲನ್ನು ಮಡಚಿ ಬ್ಯಾಗಿಗೆ ಹಾಕಿದೆ. ಬಸ್ಸು ತಪ್ಪಿಸಿಕೊಂಡವನ ಹಾಗೆ ಅತ್ತಿತ್ತ ನೋಡಿ, ಹಿಂದಿರುಗಿ, ಅಂಗಡಿಯೊಂದು ಈಗಷ್ಟೇ ಕಣ್ಣಿಗೆ ಬಿದ್ದವನಂತೆ ಮುಂದೆ ನಿಂತೆ. ನಾಟಕವೆಂದರೆ ನಾಟಕ. ಆದರೆ ಹಸಿವು ನಾಟಕವಾಗಿರಲಿಲ್ಲ.

"ಊಟಕ್ಕೇನಿದೆ?"

"ಬಿಸಿ ರೊಟ್ಟಿ ಅದ, ಖಡಕ್ ಅದ. ಎಣ್ಣಿಗಾಯಿ, ಶೇಂಗಾ ಚಟ್ನಿ." ಅವಳ ಮುಖದಲ್ಲಿ ನಗುವಿನ ಸುಳಿವಿಲ್ಲ. "ಈ ಕಡೆ ಮೊದಲ ಸಲ ಬಂದಿರೇನ್ರಿ?"

"ಮೊದಲ ಸಲ," ಎಂದೆ. ಅದು ಅಕ್ಷರಶಃ ನಿಜವಾಗಿತ್ತು.

ಎರಡು ಬಿಸಿ ರೊಟ್ಟಿ ಹೇಳಿ ನೂರರ ನೋಟು ಚಾಚಿದೆ. ಶೆಟ್ಟರ ಕೈ ಅಭ್ಯಾಸಬಲದಿಂದ ತಮ್ಮ ಜೇಬಿಗೆ ಹೋಯಿತು. ಬಸವಂತಪ್ಪನವರು ಅದನ್ನು ಹಿಡಿದುಕೊಂಡರು. ಮಹಾದೇವಿ ನೋಟನ್ನು ಕಣ್ಣಿಗೊತ್ತಿಕೊಂಡು ಡಬ್ಬಿಗೆ ಹಾಕಿ ಚಿಲ್ಲರೆ ವಾಪಸು ಕೊಟ್ಟಳು. ಈ ಪ್ರಯಾಣದಲ್ಲಿ ನನಗೆ ಸಿಕ್ಕ ಮೊದಲ ಚಿಲ್ಲರೆ ಅದು. ಶೆಟ್ಟರು ಕಣ್ಣು ಮುಚ್ಚಿ ತುಸು ಹೊತ್ತು ನಿಂತರು. ದೇವರೊಡನೆ ಏನು ಒಪ್ಪಂದವಾಯಿತೋ, ಕಣ್ಣು ತೆರೆದು ಬೀಗದ ಕೈಯನ್ನು ಅವಳ ಕೈಗಿಟ್ಟರು.

ರೊಟ್ಟಿ ಬಹಳ ರುಚಿಯಾಗಿತ್ತು. ಚಟ್ನಿಯ ಖಾರಕ್ಕೆ ನನ್ನ ಕಣ್ಣಲ್ಲಿ ನೀರು ಬಂತು. ಶೆಟ್ಟರು ಅದನ್ನು ಭಾವುಕತೆ ಎಂದು ತಿಳಿದರು. ನಾನು ತಿದ್ದಲಿಲ್ಲ.

ಬೋಣಿ ಆದಮೇಲೆ ಮನೆಯವರು ಕೊಳ್ಳಲು ಅಡ್ಡಿಯಿಲ್ಲ. ಧಣಿಗಳಿಬ್ಬರೂ ಸಾಲಾಗಿ ನಿಂತು, ದುಡ್ಡು ಕೊಟ್ಟು ಉಂಡರು. ಉಳಿದದ್ದು ಖಡಕ್ ರೊಟ್ಟಿಯ ಗೋಪುರ. "ಅದಕ್ಕ ಭಾನುವಾರನೂ ಒಂದೇ ಸೋಮವಾರನೂ ಒಂದೇ ಬಿಡ್ರಿ," ಎಂದು ಮಹಾದೇವಿ ಬಟ್ಟೆ ಮುಚ್ಚಿದಳು.

ಸೋಮವಾರ ಸಂಜೆ ಪನವೇಲಿನಿಂದ ನನ್ನ ಗಾಡಿ. ದಾರಿಯಲ್ಲಿ ಬೇಲಾಪುರ ಸಿಕ್ಕುತ್ತದಲ್ಲ, ಅಲ್ಲೇ ಉಂಡು ಹೋಗುವುದೆಂದು ಶೆಟ್ಟರೂ ನಾನೂ ಊಟದ ಹೊತ್ತಿಗೆ ಇಳಿದೆವು. ನಿನ್ನೆಯ ಊರು ಅಲ್ಲಿರಲಿಲ್ಲ. ಲೋಕಲ್ ಬಂದಂತೆಲ್ಲ ಕೊಡೆಗಳ ಪ್ರವಾಹ. ಅಂಗಡಿಯ ಮುಂದಿನ ಸಾಲು ಮೂಲೆ ತಿರುಗಿ ಬಸ್ ಸ್ಟಾಪಿನವರೆಗೆ ಹೋಗಿತ್ತು. ನಿನ್ನೆ ಕೈ ಮುಗಿದಿದ್ದ ವಾಚ್‌ಮನ್ ಸಾಲಿನಲ್ಲಿ ಮೂರನೆಯವನಾಗಿದ್ದ.

ಶೆಟ್ಟರು ಸಲುಗೆಯಿಂದ ಬದಿಗೆ ಹೋಗಿ ಇಣುಕಿದರು. "ಮಹಾದೇವಿ, ಸರ್‌ಗೆ ಗಾಡಿ ಉಂಟು. ಎರಡು ಬೇಗ ಕೊಡು."

ಅವಳು ತಲೆ ಎತ್ತಲಿಲ್ಲ. "ಲೈನಿನ್ಯಾಗ ಬರ್ರಿ ಅಣ್ಣಾರ. ಇವತ್ತ ಎಲ್ಲಾರೂ ಹೊರಗಿನವ್ರು."

ಶೆಟ್ಟರು ವಾಪಸು ಬಂದು ನನ್ನ ಹಿಂದೆ ನಿಂತರು. "ಪಾಠ ಸರಿಯಾಗಿ ಕಲ್ತಿದ್ದಾಳೆ ಸರ್," ಎಂದರು. ಬೈಸಿಕೊಂಡು ಇಷ್ಟು ಖುಷಿಯಾದ ಧಣಿಯನ್ನು ನಾನು ಬೇರೆ ನೋಡಿಲ್ಲ.

ನನಗಿಂತ ಮುಂದೆ ನಾಲ್ಕೈದು ಜನ ಇರುವಾಗ ರೊಟ್ಟಿ ಮುಗಿಯಿತು. ಖಡಕ್ ಗೋಪುರವೂ ನೆಲಸಮವಾಗಿತ್ತು. ಮಹಾದೇವಿ ಖಾಲಿ ಬುಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ತೋರಿಸಿ, "ಖಲಾಸ್, ನಾಳಿ ಬರ್ರಿ," ಎಂದಳು. ಎತ್ತಿದ್ದನ್ನು ಹಾಗೆಯೇ ತಲೆಯ ಮೇಲಿಟ್ಟುಕೊಂಡು ಒಳಗೆ ಹೋದಳು.

ಶೆಟ್ಟರನ್ನು ಅಲ್ಲೇ ಬೀಳ್ಕೊಟ್ಟು ನಾನು ಖಾಲಿ ಹೊಟ್ಟೆಯಲ್ಲಿ ಪನವೇಲಿಗೆ ಹೋದೆ. ಈ ಸಲ ಎದುರು ಸೀಟಿನಲ್ಲಿ ಸೂಪರ್‌ವೈಸರ್ ಇರಲಿಲ್ಲ. ಪ್ಲಾಟ್‌ಫಾರ್ಮಿನಲ್ಲಿ ವಡಾಪಾವ್ ಕೊಂಡೆ. ಬೆಲೆ ಇಪ್ಪತ್ತು ರೂಪಾಯಿ. ಇದನ್ನು ಓದುಗರು ಖಚಿತವೆಂದು ನಂಬಬಹುದು, ಕೊಟ್ಟವನು ನಾನೇ.